ಮುಂದೆ ನೋಡುವ ಸೀಟು

ಹಿಬ್ಬಿಂಗ್, ಮಿನ್ನೆಸೋಟ
ಜನವರಿ ೧೯

ಮುದ್ದಿನ ಮಗಳು ಅನ್ನಿಕಾಳಿಗೆ,

ನಾವು ಮೂವರೂ ಚೆನ್ನಾಗಿದ್ದೇವೆ. ಸೈನ್ಯದ ತರಬೇತಿಯಲ್ಲಿ ನಿನಗೆ ಉಣ್ಣಲು ಪುರುಸೊತ್ತಾದರೂ ಕೊಡುತ್ತಾರೋ ಇಲ್ಲವೋ ಎಂಬುದೇ ನಿನ್ನ ಅಮ್ಮನ ಚಿಂತೆ. ಕಾಗದ ತಡವಾಯಿತು, ಬೇಸರಿಸಬೇಡ. ಹೋದ ಸಲ ಹೆಲ್ಮಿ ಲಕೋಟೆಯ ಮೇಲೆ ಕುದುರೆ ಚಿತ್ರ ಅಂಟಿಸಿದ್ದಕ್ಕೆ ಸಾರ್ಜೆಂಟ್ ನಿನ್ನಿಂದ ಎಲ್ಲರೆದುರು ನೆಲಕ್ಕೆ ಕೈಯೂರಿ ದಂಡ ಹೊಡೆಸಿದನೆಂದು ಬರೆದಿದ್ದೆಯಲ್ಲ, ಅದನ್ನು ಓದಿ ಹೇಳಿದಾಗ ನಿನ್ನ ಮಗಳಿಗೆ ಎಂಥ ಖುಷಿ! "ಇನ್ನೊಂದು ಅಂಟಿಸ್ಲಾ ಅಜ್ಜ? ಅಮ್ಮ ಇನ್ನೂ ಗಟ್ಟಿಯಾಗ್ತಾಳೆ" ಅಂದಳು. ನಾಲ್ಕು ವರ್ಷದ ಪೋರಿಯ ಮಾತು ನೋಡು. ಈ ಸಲ ಲಕೋಟೆಯನ್ನು ಬೀರುವಿನ ಮೇಲೆ ಬಚ್ಚಿಟ್ಟಿದ್ದೇನೆ.

ಹೋಗುವಾಗ ನೀನು ನನಗೆ ಒಪ್ಪಿಸಿದ್ದು ಒಂದೇ ಕೆಲಸ. "ಅಪ್ಪ, ಕಾರಲ್ಲಿ ಹೆಲ್ಮಿನ ಕೂರಿಸೋ, ಹಿಂದಕ್ಕೆ ಮುಖ ಮಾಡೋ ಸೀಟು ಚಿಕ್ಕದಾದ್ರೆ ಮುಂದೆ ಮುಖ ಮಾಡೋದು ತರ್ಬೇಕು. ನೀನೇ ಹೋಗಿ ನೋಡಿ ತಗೋ, ಅವಸರ ಮಾಡ್ಬೇಡ" ಅಂದಿದ್ದೆ. ಮೊನ್ನೆ ಡಾಕ್ಟರ ಬಳಿ ತೂಗಿಸಿದರೆ, ಹಳೇ ಸೀಟು ಹೊರಬಲ್ಲ ತೂಕವನ್ನು ಹೆಲ್ಮಿ ದಾಟಿಬಿಟ್ಟಿದ್ದಳು. ಅವಳ ತಲೆಯೂ ಅದರ ಅಂಚಿಗೆ ಬಂದಿತ್ತು. ಹಾಗಾಗಿ ಆ ಕೆಲಸ ಮಾಡಿ ಮುಗಿಸಿದ್ದೇನೆ.

ಗಣಿಯಲ್ಲಿ ಮನೆಯೆತ್ತರದ ಲಾರಿ ಓಡಿಸಿ ನಿವೃತ್ತನಾದವನಿಗೆ ಮಕ್ಕಳ ಕುರ್ಚಿ ಯಾವ ಲೆಕ್ಕ ಅಂದುಕೊಂಡೇ ಅಂಗಡಿಗೆ ಹೋದೆ. ಕೆಂಪು ಬಣ್ಣ, ಮೆತ್ತನೆ ದಿಂಬು, ಎರಡೂ ಪಕ್ಕ ಲೋಟ ಇಡಲು ಜಾಗ ಇದ್ದದ್ದೊಂದನ್ನು ಎತ್ತಿಕೊಂಡೂ ಬಿಟ್ಟೆ. "ರೇನೊ, ಇದೇನು ನೀನು ಟಿವಿ ಮುಂದೆ ತೂಕಡಿಸೋ ಸೋಫಾನಾ?" ಅಂದಳು ನಿನ್ನ ಅಮ್ಮ. ಅಲ್ಲೇ ನೆಲದ ಮೇಲೆ ಕೂತು, ಹೆಲ್ಮಿಯನ್ನು ಒಂದೊಂದು ಸೀಟಿನಲ್ಲೂ ಕೂರಿಸಿ, ಪಟ್ಟಿ ಅವಳ ಭುಜಕ್ಕಿಂತ ಮೇಲಿಂದ ಬರುತ್ತದೋ ಕೆಳಗಿಂದಲೋ ಎಂದು ಕೈಯಿಟ್ಟು ನೋಡಿದಳು. ಕೆಂಪಿನದು ಬರುವ ವರ್ಷಕ್ಕೇ ಚಿಕ್ಕದಾಗುವಂತಿತ್ತು. ಕೊನೆಗೆ ತಂದದ್ದು ಬೂದು ಬಣ್ಣದ್ದು. ನೋಡಲು ಚಂದವಿಲ್ಲ, ಆದರೆ ಮಗು ಬೆಳೆದಂತೆ ಪಟ್ಟಿಯನ್ನೂ ಏರಿಸಬಹುದು.

ಕಾರಿನಲ್ಲಿಟ್ಟು, ಅದರ ಮೇಲೆ ಮಂಡಿಯೂರಿ ಬೆಲ್ಟ್ ಬಿಗಿದೆ. ಒಂದಿಷ್ಟೂ ಅಲ್ಲಾಡಲಿಲ್ಲ. ನಾನು ಮೀಸೆ ತಿರುವುವಷ್ಟರಲ್ಲಿ ನಿನ್ನ ಅಮ್ಮ ಬಂದು, "ಈ ಬಾಲ ಯಾಕೆ ನೇತಾಡ್ತಿದೆ?" ಅಂದಳು. ಅದು ಸೀಟಿನ ಬೆನ್ನಿನ ಮೇಲ್ಗಡೆಯಿಂದ ಬರುವ ಪಟ್ಟಿ. ಕಾರಿನಲ್ಲಿ ಅದರ ಹಿಂದಿರುವ ಕೊಕ್ಕೆಗೆ ಸಿಕ್ಕಿಸದಿದ್ದರೆ, ಗಕ್ಕನೆ ಬ್ರೇಕ್ ಹಾಕಿದಾಗ ಮಗುವಿನ ತಲೆ ಮುಂದಕ್ಕೆ ಹೋಗಿ ಬಡಿಯುತ್ತದಂತೆ.

"ಹೆಚ್ಚಾಗಿ ಉಳಿದದ್ದು ಅಂದ್ಕೊಂಡೆ ಮಾರಾಯ್ತಿ."

"ನಿನ್ನ ಕೈಗೆ ಏನು ಕೊಟ್ರೂ ಏನಾದ್ರೊಂದು ಉಳಿದೇ ಉಳಿಯುತ್ತೆ ಬಿಡು."

ನಿಜವಾದ ರಂಪ ಆದದ್ದು ಆಮೇಲೆ. ಹೆಲ್ಮಿ ಸುತರಾಂ ಕೂರಲೊಲ್ಲಳು. "ಹಿಂದೆ ನೋಡೋ ಸೀಟೇ ಬೇಕು" ಎಂದು ಹಿಮದಲ್ಲಿ ಕಾಲು ಬಡಿದು ಅತ್ತಳು. ಹುಟ್ಟಿದಾಗಿನಿಂದ ಹಾಗೇ ಕೂತವಳು, ಅಭ್ಯಾಸ ಬಿಡಲು ಕಷ್ಟ ಎಂದುಕೊಂಡೆ. ಪುಸಲಾಯಿಸಿದೆ, ಗದರಿದೆ, ಬಿಸಿ ಚಾಕೊಲೇಟಿನ ಆಸೆ ತೋರಿಸಿದೆ. ಯಾವುದಕ್ಕೂ ಬಗ್ಗಲಿಲ್ಲ. "ಇದು ನಿಮ್ಮಮ್ಮ ತರೋಕೆ ಹೇಳಿ ಹೋದ ಸೀಟು ಕಣೇ" ಅಂದಾಗ ಅಳು ನಿಂತಿತು. ತಾನೇ ಹತ್ತಿ ಕೂತಳು.

ಚಳಿ ಮೂಳೆ ಕೊರೆಯುತ್ತಿತ್ತು. ದಪ್ಪ ಕೋಟಿನ ಮೇಲೆಯೇ ಪಟ್ಟಿ ಹಾಕಿ ಬಿಗಿದೆ.

"ಹಾಗಲ್ಲ ಅಜ್ಜ! ಕೋಟು ತೆಗಿ. ಅಮ್ಮ ತೆಗೀತಾಳೆ."

"ಮರಗಟ್ಟಿ ಹೋಗ್ತೀಯ ಕಣೇ."

"ನೀನು ತೆಗಿ ಅಂದ್ರೆ ತೆಗಿ."

ಕೋಟು ಬಿಚ್ಚಿ ಅದೇ ಪಟ್ಟಿಯನ್ನು ಹಾಗೆಯೇ ಹಾಕಿ ನೋಡಿದರೆ, ನನ್ನ ಮುಷ್ಟಿ ತೂರುವಷ್ಟು ಸಡಿಲ! ಅಷ್ಟು ಹೊತ್ತು ಕಷ್ಟಪಟ್ಟು ನಾನು ಬರೀ ಕೋಟನ್ನು ಬಿಗಿದಿದ್ದೆ. ಮತ್ತೆ ಸರಿಯಾಗಿ ಬಿಗಿದ ಮೇಲೆ ಅವಳು ಕೋಟನ್ನು ಹಿಂದುಮುಂದಾಗಿ ತೋಳಿಗೇರಿಸಿಕೊಂಡು, ಹೊದಿಕೆಯಂತೆ ಎದೆಗೆ ಎಳೆದುಕೊಂಡು, "ಈಗ ಹೊರಡು" ಎಂದು ಅಪ್ಪಣೆ ಕೊಟ್ಟಳು. ಅನ್ನಿಕಾ, ಒಬ್ಬಳೇ ನಿಂತು ಈ ಮಗುವನ್ನು ನೀನು ಹೇಗೆ ಬೆಳೆಸಿದ್ದೀ ಎಂದು ಅವತ್ತು ನನಗೆ ಕಂಡಿತು. ನಿನ್ನ ಬಗ್ಗೆ ನನಗೆ ಬಹಳ ಹೆಮ್ಮೆ. ಮುಖ ಕೊಟ್ಟು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಇದನ್ನು ಹೇಳಿಕೊಂಡು ತಿರುಗಿದ್ದರಿಂದ ಕಾಫಿ ಅಂಗಡಿಯ ಗೆಳೆಯರು ಈಗ ನನ್ನನ್ನು ಕಂಡರೆ "ಮೊದಲು ಕೋಟು ಬಿಚ್ಚಪ್ಪ ರೇನೊ" ಅನ್ನುತ್ತಾರೆ.

ತರಬೇತಿ ಮುಗಿಸಿ ನೀನು ಕವಾಯತಿನಲ್ಲಿ ನಡೆಯುವ ದಿನ ನಾವು ಇದೇ ಕಾರಿನಲ್ಲಿ ಬರುತ್ತೇವೆ. ಕಾಲು ಗಟ್ಟಿಯಿರಲಿ, ಮನಸ್ಸು ಅದಕ್ಕಿಂತ ಗಟ್ಟಿಯಿರಲಿ. ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ರೇನೊ

ತಾ.ಕ.: ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಹೊಸ ಸೀಟಿನಲ್ಲಿ ಕೂತ ಮೇಲೂ ಹೆಲ್ಮಿ ದಾರಿಯುದ್ದಕ್ಕೂ ಕತ್ತು ಹೊರಳಿಸಿ ಹಿಂದೆ ನೋಡುತ್ತಲೇ ಇದ್ದಳು. "ಏನೇ ಇದೆ ಅಲ್ಲಿ?" ಎಂದು ಕೇಳಿದಾಗ ವಿಷಯ ಗೊತ್ತಾಯಿತು. ನಿನ್ನನ್ನು ಬಸ್ಸಿನ ಹತ್ತಿರ ಬಿಟ್ಟು ಬಂದ ದಿನ ನಾನು ರಸ್ತೆ ನೋಡುತ್ತಿದ್ದೆ, ನಿನ್ನ ಅಮ್ಮ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದಳು. ತಿರುವು ಬರುವವರೆಗೂ ನೀನು ಕೈಬೀಸುತ್ತ ನಿಂತಿದ್ದನ್ನು ಕಂಡದ್ದು ಹಿಂದಕ್ಕೆ ಮುಖ ಮಾಡಿ ಕೂತಿದ್ದ ಅವಳೊಬ್ಬಳೇ. ಅವತ್ತಿನಿಂದ ಕಾರು ಹತ್ತಿದಾಗಲೆಲ್ಲ ಆ ಹಿಂದಿನ ಕಿಟಕಿಯಲ್ಲಿ ನಿನ್ನನ್ನೇ ಹುಡುಕುತ್ತಿದ್ದಳಂತೆ. ಈಗ ನಿನಗೊಂದು ಮಾತು ಹೇಳಿ ಕಳಿಸಿದ್ದಾಳೆ: "ಅಮ್ಮಂಗೆ ಬರಿ ಅಜ್ಜ, ನಾನೀಗ ಮುಂದೆ ನೋಡ್ತಾ ಕೂತಿರ್ತೀನಿ. ಬರೋವಾಗ ಮುಂದಿನಿಂದ ಬರ್ಲಿ. ಹಿಂದಿನಿಂದ ಬಂದ್ರೆ ನಂಗೆ ಕಾಣಲ್ಲ."