ಮುನ್ನೂರ ನಲವತ್ತನೇ ಸಾಲು

ಅಕ್ಕಾ,

ಅಟ್ಟದಿಂದ ಇಳಿಸಿ, ಮೂಗು ಮುಚ್ಚಿಕೊಂಡು ನೀನು ನನ್ನ ಕೈಗೆ ಹಾಕಿದ ಚೀಲವನ್ನು ಕಳೆದ ವಾರ ಬಿಚ್ಚಿದೆ. ನಮ್ಮ ಹಳೆಯ ಕಂಪ್ಯೂಟರಿನ ಹೊಟ್ಟೆಯಲ್ಲಿ ಏನೇನಿತ್ತೆಂದು ಪೂರ್ತಿ ಬರೆದರೆ ನಿನಗೆ ಎರಡು ದಿನ ಊಟ ಸೇರುವುದಿಲ್ಲ. ಜಿರಲೆ ಮೊಟ್ಟೆ, ಜಿರಲೆ ಕಾಲು, ಯಾರೋ ಕಚ್ಚಿ ಉಗಿದ ಉಗುರು. ಯಾರೋ ಏನು, ನಾನೇ ಇರಬೇಕು. ಸ್ಪೇಸ್ ಕೀ ಕೆಳಗೆ ಕಪ್ಪಗೆ ಹಕ್ಕಳೆ ಕಟ್ಟಿತ್ತು. ಅಂಚನ್ನು ಒಂಚೂರು ಕೆರೆದು ಮೂಸಿದೆ, ವಾಕರಿಕೆ ಬಂತು. ತೊಳೆಯುವುದು ಆಮೇಲಾಯಿತು ಎಂದು ಹಾಗೇ ಬಿಟ್ಟೆ. ಈಗ ಅದಕ್ಕಿಂತ ಹೇಸಿಗೆಯ ಮಾತು ಹೇಳುವುದಿದೆ, ಕೂತು ಓದು.

ನಿನ್ನ ಲಿಫ್ಟ್ ಆಟವನ್ನು ನಾನು ಕದ್ದೆ. ಇದು ನಿನಗೆ ಗೊತ್ತು, ನನ್ನ ಬಾಯಿಂದ ಮಾತ್ರ ಕೇಳಿಲ್ಲ. ನೀನು ಕಾಮಾಲೆಯಾಗಿ ಮಲಗಿದ್ದ ತಿಂಗಳು ನಿನ್ನ ನೋಟ್‌ಬುಕ್ಕಿನಿಂದ ಪ್ರೋಗ್ರಾಮನ್ನು ಸಾಲುಸಾಲಾಗಿ ದುಂಡಗೆ ಕಾಪಿ ಮಾಡಿ, ಕೆಳಗೆ ನನ್ನ ಹೆಸರು ಬರೆದು ಕಂಪ್ಯೂಟರ್ ಪತ್ರಿಕೆಗೆ ಕಳಿಸಿದೆ. ಅದು ಅಚ್ಚಾಗಿ ಬಂತು. ಅಮ್ಮ ಆಫೀಸಿನಲ್ಲಿ ಮೇಜಿನಿಂದ ಮೇಜಿಗೆ ಪತ್ರಿಕೆ ಹಿಡಿದು ಓಡಾಡಿದಳು. ನೀನು ಹಾಸಿಗೆಯಲ್ಲೇ ಎದ್ದು ಕೂತು ಪುಟ ನೋಡಿ, "ಮುನ್ನೂರ ನಲವತ್ತನೇ ಸಾಲು ತೆಗೆದು ಕಳ್ಸಬೇಕಿತ್ತು ಕಣೋ ದಡ್ಡ" ಎಂದೆ. ಅಷ್ಟೇ. ಹೊಟ್ಟೆಕಿಚ್ಚಿಗೆ ಹುಳುಕು ಹುಡುಕುತ್ತಿದ್ದೀಯ ಎಂದುಕೊಂಡೆ. ಆಗ ನನಗೆ ಹನ್ನೆರಡು ವರ್ಷ, ಬುದ್ಧಿ ಇರಲಿಲ್ಲ ಎನ್ನಬಹುದು. ಈಗ ನಲವತ್ತೊಂಬತ್ತು. ನಡುವಿನ ಮೂವತ್ತೇಳು ವರ್ಷಕ್ಕೆ ಯಾವ ನೆಪ ಹೇಳಲಿ?

ಒಂಬತ್ತು ಮಹಡಿ, ಪ್ರತಿ ಮಹಡಿಯಲ್ಲೂ ಕಾಯುವ ಜನ, ಸ್ಪೇಸ್ ಒತ್ತಿದರೆ ಲಿಫ್ಟ್ ನಿಲ್ಲಬೇಕು. ನೀನು ಬರೆದದ್ದು ಇಷ್ಟು. ಆದರೆ ಪತ್ರಿಕೆಯಲ್ಲಿದ್ದ ಸಾಲುಗಳನ್ನು ನೋಡಿ ತಮ್ಮ ಕಂಪ್ಯೂಟರಿಗೆ ಟೈಪ್ ಮಾಡಿಕೊಂಡವರ ಮನೆಗಳಲ್ಲಿ ಲಿಫ್ಟ್ ಒಂದು ಸಲ ಒತ್ತಿದರೆ ನಿಲ್ಲುತ್ತಿತ್ತು, ಮರುಸಲ ಒತ್ತಿದರೆ ಕ್ಯಾರೇ ಅನ್ನದೆ ಮುಂದೆ ಹೋಗುತ್ತಿತ್ತು. ಜನಕ್ಕೆ ಅದೇ ಮಜಾ ಆಯಿತು. "ಮೊಂಡು ಲಿಫ್ಟ್" ಎಂದು ಹೆಸರಿಟ್ಟು ಇವತ್ತಿಗೂ ಆಡುತ್ತಾರೆ. ಹಳೆಯ ಕಂಪ್ಯೂಟರುಗಳಿಗೆ ಜೀವ ಕೊಡುವ ನಮ್ಮ ಬಳಗದಲ್ಲಿ ನನಗೆ ಮುಂದಿನ ಸಾಲಿನ ಕುರ್ಚಿ ಸಿಗುವುದು ಅದರಿಂದಲೇ. ಆ ಮೊಂಡುತನ ಹೇಗೆ ಹೊಳೆಯಿತು ಎಂದು ಯಾರಾದರೂ ಕೇಳಿದರೆ, "ಲಿಫ್ಟಿಗೂ ಒಂದು ಮನಸ್ಸಿರ್ಲಿ ಅಂತ" ಎಂದು ಗಂಭೀರವಾಗಿ ನಗುತ್ತಿದ್ದೆ. ನಮ್ಮ ಮನೆಯಲ್ಲಿ ಅದು ಹಾಗೆ ಮಾಡುತ್ತಿರಲಿಲ್ಲವಲ್ಲ ಎಂಬ ಅನುಮಾನ ಒಳಗೆ ಇತ್ತು. ಕೆದಕಲಿಲ್ಲ. ಥೂ!

ಉಬ್ಬಿದ ಕೆಪಾಸಿಟರ್‌ಗಳನ್ನು ಕಿತ್ತು ಹೊಸದನ್ನು ಬೆಸೆದೆ. ಟಿ.ವಿ.ಗೆ ಸಿಕ್ಕಿಸಿ, ಪತ್ರಿಕೆಯಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಟೈಪ್ ಮಾಡಿ ಆಡಿದೆ. ಒಂಬತ್ತು ಮಹಡಿಯಲ್ಲೂ ಲಿಫ್ಟ್ ಹೇಳಿದ ಹಾಗೆ ನಿಂತಿತು! ಆಮೇಲೆ ಸ್ಪಿರಿಟ್ ಹಚ್ಚಿ ಆ ಹಕ್ಕಳೆಯನ್ನೆಲ್ಲ ಉಜ್ಜಿ ತೆಗೆದು ಮತ್ತೆ ಆಡಿದರೆ ಮೊಂಡು ಹಿಡಿಯಿತು. ಆಗ ನಿನ್ನ ಮುನ್ನೂರ ನಲವತ್ತನೇ ಸಾಲನ್ನು ಜೀವನದಲ್ಲಿ ಮೊದಲ ಸಲ ಅರ್ಥ ಮಾಡಿಕೊಂಡು ಓದಿದೆ. ಬಂದ ಎರಡು ಒತ್ತಿನಲ್ಲಿ ಒಂದನ್ನು ಬಿಟ್ಟುಬಿಡು ಎನ್ನುತ್ತದೆ ಅದು. ನಮ್ಮ ಕೀ ಕೊಳೆ ಹಿಡಿದು, ಒಮ್ಮೆ ಒತ್ತಿದರೆ ಎರಡು ಸಲ ಎಂದು ಲೆಕ್ಕ ಕೊಡುತ್ತಿತ್ತು. ಆ ಹೆಚ್ಚಿನ ಒತ್ತನ್ನು ಈ ಸಾಲು ಬರೆದು ನೀನು ಎಸೆದೆ. ಆ ಕೊಳೆ ನಾನು ಚೆಲ್ಲಿದ ಟೀ, ಅಕ್ಕ. ಅಮ್ಮ ಆಫೀಸಿನವರ ಕೈಕಾಲು ಹಿಡಿದು ತಂದ ಮೆಷೀನು. ಹಾಳು ಮಾಡಿದ್ದು ಗೊತ್ತಾಗಿದ್ದರೆ ನನ್ನ ಚರ್ಮ ಸುಲಿಯುತ್ತಿದ್ದಳು. "ಬಾಯ್ಮುಚ್ಚು, ಅಮ್ಮಂಗೆ ಹೇಳ್ಬೇಡ. ನಾನೇನಾದ್ರೂ ಮಾಡ್ತೀನಿ" ಎಂದಿದ್ದೆ ನೀನು. ನೀನು ಮಾಡಿದ್ದು ಇದು. ನನ್ನನ್ನು ಏಟಿನಿಂದ ತಪ್ಪಿಸಲು ಬರೆದ ಸಾಲನ್ನೇ ನಾನು ನನ್ನ ಜಾಣತನ ಎಂದು ಹೇಳಿಕೊಂಡು ತಿರುಗಿದೆ. ಕನ್ನಡಿ ನೋಡಿದರೆ ನನಗೇ ಅಸಹ್ಯವಾಗುತ್ತದೆ.

ಬಳಗದವರು ಈ ಆಟವನ್ನು ಚಂದದ ಡಬ್ಬಿಯಲ್ಲಿ ಹೊಸದಾಗಿ ತರುತ್ತಿದ್ದಾರೆ. ಶನಿವಾರ ಡಬ್ಬಿಯ ಮೇಲೆ ಹೆಸರು ಅಚ್ಚಾಗುತ್ತದೆ. ನಿನ್ನೆ ಸಭೆಯಲ್ಲಿ ಎದ್ದು ನಿಂತು, "ಅದು ನಂದಲ್ಲ, ನಮ್ಮಕ್ಕಂದು. ನಾನು ಕದ್ದಿದ್ದು" ಎಂದೆ. ಬಳಗ ನಡೆಸುವ ಹಲ್ಲಿನ ಡಾಕ್ಟರು ಓಡಿ ಬಂದು ನನ್ನ ಕೈ ಕುಲುಕಿದರು. "ಎಂಥ ದೊಡ್ಡ ಮನಸ್ಸು ಸಾರ್ ನಿಮ್ದು! ನಿಮ್ಮಕ್ಕ ಪಕ್ಕದಲ್ಲಿ ಕೂತಿದ್ರು ಅಂತ ಪೂರ್ತಿ ಅವರಿಗೇ ಬಿಟ್ಕೊಡ್ತೀರಲ್ಲ!" ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಹೆಸರು ದಪ್ಪಗೆ, ಕೆಳಗೆ ಸಣ್ಣಗೆ "ಅಕ್ಕನಿಗೆ ಪ್ರೀತಿಯಿಂದ" ಎಂದು ಹಾಕುವುದಾಗಿ ಅಲ್ಲೇ ತೀರ್ಮಾನವಾಯಿತು. ಎಲ್ಲಕ್ಕಿಂತ ಹೊಲಸು ಯಾವುದು ಗೊತ್ತಾ? ಆ ಚಪ್ಪಾಳೆ ಒಂದು ಗಳಿಗೆ ನನಗೆ ಹಿತವಾಗಿತ್ತು.

ಅಷ್ಟರಲ್ಲಿ ಯಾರೋ, "ನಿಮ್ದಲ್ಲ ಅಂದ್ರೆ ಆ ಮುನ್ನೂರ ನಲವತ್ತನೇ ಸಾಲು ಯಾಕಿದೆ ಹೇಳಿ ನೋಡೋಣ" ಎಂದು ತಮಾಷೆ ಮಾಡಿದರು. ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಅದೂ ನನ್ನದೇ ಆಗಿಬಿಡುತ್ತಿತ್ತು. "ನಂಗೊತ್ತಿಲ್ಲ, ಬರೆದವಳ್ನೇ ಕೇಳಿ" ಎಂದು ನಿನ್ನ ಕನ್ನಡಕದ ಅಂಗಡಿಯ ನಂಬರ್ ಕೊಟ್ಟು ಹೊರಗೆ ಬಂದೆ.

ಗುರುವಾರ ನಿನಗೆ ಫೋನ್ ಮಾಡುವುದಾಗಿ ಡಾಕ್ಟರು ಹೇಳಿದ್ದಾರೆ. ನಿನ್ನ ಬುದ್ಧಿ ನನಗೆ ಗೊತ್ತು. ಯಾರದೋ ಕನ್ನಡಕ ಒರೆಸುತ್ತಾ, "ಅದೆಲ್ಲ ಅವನ್ದೇ ಬಿಡಿ" ಎಂದು ಫೋನ್ ಇಟ್ಟುಬಿಡುತ್ತೀಯ. ದಮ್ಮಯ್ಯ, ಹಾಗೆ ಮಾಡಬೇಡ. ಆ ಸಾಲು ಯಾಕೆ ಬರೆದೆ, ಯಾರಿಗಾಗಿ ಬರೆದೆ, ಎಲ್ಲವನ್ನೂ ಹೇಳು. ಇನ್ನೊಂದು ಸಲ ನನ್ನನ್ನು ಕಾಪಾಡಬೇಡ.

ನೀನು ತಣ್ಣಗಿರು. ನನ್ನನ್ನು ಹರಸುವ ಮನಸ್ಸಾದರೆ ಅವರಿಗೆ ಉತ್ತರ ಕೊಟ್ಟ ಮೇಲೆ ಹರಸು, ಮೊದಲು ಬೇಡ.

ನಿನ್ನ ಕಾಲಿಗೆ ಬೀಳುವ,
ಕಳ್ಳ ತಮ್ಮ