ಒಂದನೇ ಗೇರಿನಲ್ಲಿ ಹಿಂದಕ್ಕೆ ಹೋದ ಗಾಡಿ

ಕೌಲ್ ಬಜಾರ್, ಬಳ್ಳಾರಿ
೨೧ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ಅತ್ತೆಯವರಿಗೆ,

ನಿಮ್ಮ ಸೊಸೆ ಅಕ್ಷತಾಳ ನಮಸ್ಕಾರಗಳು. ಮೊಣಕಾಲು ಹೇಗಿದೆ? ಲಿಂಗಸುಗೂರಿನ ನೀರು ಒಗ್ಗಿತೆ? ನಮ್ಮ ಬಾಣಂತಿ ರಶ್ಮಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಾಳೋ, ಇಲ್ಲ ನೀವು ಮಗಳಿಗೆಂದು ಕಟ್ಟಿದ ಅಂಟಿನುಂಡೆಗಳನ್ನು ಅಳಿಯಂದಿರು ಬಾಣಂತಿಗಿಂತ ಶ್ರದ್ಧೆಯಿಂದ ಮುಗಿಸುತ್ತಿದ್ದಾರೋ? ಕೂಸಿನ ದನಿ ಬಲು ದೊಡ್ಡದು ಎಂದು ಹೇಳಿದಿರಿ. ಅಜ್ಜಿಯ ಮನೆತನದ ಆಸ್ತಿ ಎಲ್ಲಿ ಹೋದೀತು, ಬಿಡಿ. ಇಲ್ಲಿ ಮಾವನವರು ಆರಾಮ. ನೀವಿಲ್ಲದ್ದರಿಂದ ಚಹಾಕ್ಕೆ ಸಕ್ಕರೆ ತಾವೇ ಹಾಕಿಕೊಳ್ಳುತ್ತಾರೆ. ಎಷ್ಟು ಎಂದು ನಾನು ಕೇಳುವುದಿಲ್ಲ, ಅವರು ಹೇಳುವುದಿಲ್ಲ, ಹೀಗಾಗಿ ಮನೆಯಲ್ಲಿ ಶಾಂತಿ ನೆಲೆಸಿದೆ.

ಫೋನಿದ್ದೂ ಕಾಗದವೇಕೆ ಎನ್ನುತ್ತೀರಿ. ಫೋನಿನಲ್ಲಾದರೆ ಅರ್ಧ ಮಾತಿಗೇ ನೀವು "ಹೌದೇನವಾ!" ಎಂದು ಕೂಗುತ್ತೀರಿ, ಉಳಿದರ್ಧ ನನ್ನ ಗಂಟಲಲ್ಲೇ ಉಳಿದುಬಿಡುತ್ತದೆ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಪಕ್ಕದ ಮನೆಯ ಗಾದೆಮ್ಮ ನಾಳೆ ಕೂಸನ್ನು ನೋಡಲು ಅಲ್ಲಿಗೆ ಬರುತ್ತಿದ್ದಾರೆ, ಅವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸುದ್ದಿಯ ಕೊನೆ ಚೆನ್ನಾಗಿದೆ. ಆದ್ದರಿಂದ ನಡುವೆ ಎಲ್ಲಿಯೂ ಎದೆ ಹಿಡಿದುಕೊಳ್ಳಕೂಡದು.

ಹೋದ ಸುಗ್ಗಿಯಲ್ಲಿ ಕರೂರಿನ ಕಾಲುವೆ ದಾರಿಯಲ್ಲಿ, ನೀವೂ ಕೂತಿದ್ದಾಗಲೇ, ನಮ್ಮ ಪಿಕಪ್ಪಿನ ಮುಂದಿನ ಗಾಲಿ ಮಡಚಿಕೊಂಡು ಗಾಡಿ ನೀರಿನ ಕಡೆ ವಾಲಿ ನಿಂತಿತ್ತಲ್ಲ, ಅಂದು ನೀವು ನಿಮ್ಮ ಮಗನ ಕೈ ಹಿಡಿದು ನಿಮ್ಮ ತಲೆಯ ಮೇಲೆ ಇರಿಸಿಕೊಂಡಿರಿ. "ಇನ್ನೊಂದು ಸಲ ಗಾಲಿ ಮುರಿದ್ರ ಈ ಗಾಡಿ ಮಾರಿಬಿಡ್ತೀನಿ ಅನ್ನು. ನನ್ನ ತಲಿ ಮುಟ್ಟಿ ಅನ್ನು." ಅವರು ಅಂದರು. ಅತ್ತೆ, ನೀವು ಲಿಂಗಸುಗೂರಿನ ಬಸ್ಸು ಹತ್ತಿದ ವಾರದಲ್ಲೇ ಅದೇ ಗಾಲಿ ಮತ್ತೆ ಮುರಿಯಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ನಿಮ್ಮ ಮಗನ ಮುಖ ಮಾತ್ರ ಮಣ್ಣಿನ ಬಣ್ಣಕ್ಕೆ ತಿರುಗಿತು. ನಿಮ್ಮಿಂದ ಮುಚ್ಚಿಟ್ಟ ಸುದ್ದಿ ಇದೇ.

ತಪ್ಪು ಗಾಡಿಯದೂ ಅಲ್ಲ, ಅವರದೂ ಅಲ್ಲ. ಭತ್ತ ಕೊಯ್ಯುವ ಮಿಷನ್ನು ಕೆಸರು ಗದ್ದೆಯ ನಡುವೆ ನಿಂತೇ ಡೀಸೆಲ್ ಬೇಡುತ್ತದೆ. ಡ್ರಮ್ಮು ಹೊತ್ತು ಅಲ್ಲಿಯವರೆಗೂ ಹೋಗುವವನೇ ಗಂಡಸು ಎಂದು ಸಿರುಗುಪ್ಪ ತಾಲೂಕಿನಲ್ಲಿ ನಂಬಿಕೆ. ನಮ್ಮ ಗಾಡಿಗೆ ನಾಲ್ಕೂ ಗಾಲಿ ಎಳೆಯುವ ಶಕ್ತಿ ಇದೆ, ಆದರೆ ಮೈಕಟ್ಟು ಸಣ್ಣದು. ಅದರ ಮುಂದಿನ ಎರಡು ಗಾಲಿಗಳೂ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದೊಂದು ತೋಳಿನ ಮೇಲೆ ಬೇರೆ ಬೇರೆ ನಿಂತಿದ್ದವು. ಒಬ್ಬನ ಕಷ್ಟ ಇನ್ನೊಬ್ಬನಿಗೆ ಗೊತ್ತಿಲ್ಲ. ಅದಕ್ಕೆ ನಮ್ಮ ಗ್ಯಾರೇಜಿನ ಮೇಸ್ತ್ರಿ ಸೈಫುದ್ದೀನ್, ಮಿಲಿಟರಿಯವರು ಹರಾಜು ಹಾಕಿದ ಒಂದು ದೊಡ್ಡ ಗಾಡಿಯ ಆಕ್ಸಲ್‌ಗಳನ್ನು ಹುಡುಕಿ ತಂದರು. ಈ ಕಡೆಯ ಗಾಲಿಯಿಂದ ಆ ಕಡೆಯ ಗಾಲಿಯವರೆಗೆ ಒಂದೇ ದಿಂಡು, ನಡುವೆ ಗೇರು ತುಂಬಿದ ಗುಂಡನೆಯ ಹೊಟ್ಟೆ, ನಮ್ಮ ಒಳಕಲ್ಲಿನಷ್ಟು ಗಟ್ಟಿ. ಮುಂದಕ್ಕೊಂದು, ಹಿಂದಕ್ಕೊಂದು. ಆಕ್ಸಲ್‌ಗೆ ಸಂಸ್ಕೃತದಲ್ಲಿ ಅಕ್ಷ ಎನ್ನುತ್ತಾರೆ, ಅತ್ತೆ. ಮದುವೆಯಾದಂದಿನಿಂದ ನಿಮ್ಮ ಮಗ "ಅಕ್ಷ ತಾ, ಅಕ್ಷ ತಾ" ಎಂದು ಮನೆ ತುಂಬ ಕೂಗುತ್ತಿದ್ದದ್ದು ನನ್ನನ್ನೇ ಎಂದುಕೊಂಡು ನಾನು ಚಹಾ ತಂದುಕೊಡುತ್ತಿದ್ದೆ. ಅವರು ಕೇಳುತ್ತಿದ್ದದ್ದು ಬೇರೆ ಸಾಮಾನು!

ಆಕ್ಸಲ್‌ಗಳೇನೋ ಬಂದವು. ಗದ್ದೆಯ ಬದು ದಾಟುವಾಗ ಇಂಜಿನ್ನಿನಿಂದ ಬಂದು ಆ ಹೊಟ್ಟೆಯ ಕೆಳಭಾಗಕ್ಕೆ ಸೇರುವ ತಿರುಗುವ ರಾಡು ಬದುವಿಗೆ ಬಡಿಯುತ್ತದೆ ಎಂದು ನಿಮ್ಮ ಮಗನಿಗೆ ಚಿಂತೆ. ಸಿರುಗುಪ್ಪದ ಕಡೆ ಗದ್ದೆ ತುಳಿದವರಿಗೆ ಬದುವೇ ಬದುಕು, ಇನ್ನೇನು ಹೊಳೆದೀತು? ಹಿಂದಿನ ಆಕ್ಸಲ್ಲನ್ನು ಬೋರಲು ಹಾಕಿಬಿಟ್ಟರೆ ರಾಡು ಮೇಲಕ್ಕೆ ಬರುತ್ತದಲ್ಲ ಎಂದರು. ಸೈಫುದ್ದೀನರು ಒಂದು ಗಳಿಗೆ ಗಡ್ಡ ಕೆರೆದು, "ಐಡಿಯಾ ಭಾರಿ ಐತಿ ಅಮರೇಶಣ್ಣ" ಎಂದರು. ಇಬ್ಬರೂ ಒಬ್ಬರ ಬೆನ್ನು ಒಬ್ಬರು ಚಪ್ಪರಿಸಿಕೊಂಡು, ಆಕ್ಸಲ್ಲನ್ನು ತಲೆಕೆಳಗು ಮಾಡಿ ಬೆಸುಗೆ ಹಾಕಿದರು. ನಾನೂ ಅಲ್ಲೇ ಇದ್ದೆ. ಕನ್ನಡ ಎಂಎ ಓದಿ ಕಾಲೇಜಿನಲ್ಲಿ ಪಾಠ ಹೇಳುವವಳು ಏನು ಹೇಳಬೇಕೋ ಅದನ್ನೇ ಹೇಳಿದೆ: "ಚಂದ ಕಾಣತೈತಿ."

ಪೂಜೆಯ ದಿನ ಗ್ಯಾರೇಜಿನ ಮುಂದೆಯೇ ಮಾವನವರು ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕೂ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟರು. ನಿಮ್ಮ ಮಗ ಕೈಮುಗಿದು ಒಂದನೇ ಗೇರು ಹಾಕಿದರು. ಗಾಡಿ ಸೀದಾ ಹಿಂದಕ್ಕೆ ಹೋಯಿತು. ಹಿಂದೆ ಪಕ್ಕದ ಜೀನ್ಸ್ ಘಟಕದವರು ಚಿಂದಿಯ ಮೂಟೆಗಳನ್ನು ಒಟ್ಟಿದ್ದರು. ದೇವರ ದಯೆ, ಅವುಗಳ ಮೇಲೆ ಹೋಗಿ ಮೆತ್ತಗೆ ಕೂತಿತು. ಗೇರು ತಪ್ಪಿ ಬಿತ್ತೇನೋ ಎಂದು ಮತ್ತೆ ಹಾಕಿದರು. ಮತ್ತೆ ಹಿಂದಕ್ಕೆ. ನಾಲ್ಕೂ ಗಾಲಿಗೆ ಶಕ್ತಿ ಕೊಟ್ಟರೆ ಸರಿಹೋದೀತು ಎಂದು ಆ ಲಿವರ್ ಎಳೆದರು. ಆಗ ಮುಂದಿನ ಗಾಲಿಗಳು ಮುಂದಕ್ಕೆ, ಹಿಂದಿನವು ಹಿಂದಕ್ಕೆ ಎಳೆಯುತ್ತ, ಗಾಡಿ ನಿಂತಲ್ಲೇ ಗುರುಗುಟ್ಟಿ ನಡುಗಿತು. ಮಾವ ಊರಿಗೆ ಹೊರಡೋಣ ಎಂದಾಗ ನಮ್ಮ ಮನೆಯಲ್ಲಿ ಆಗುತ್ತದಲ್ಲ, ಥೇಟ್ ಹಾಗೆಯೇ. ನಿಂಬೆಹಣ್ಣುಗಳಿಗೆ ಒಂದು ಗೀರೂ ಇಲ್ಲ. ಮಾವ ಅವನ್ನು ಒಂದೊಂದಾಗಿ ಆರಿಸಿಕೊಂಡು, "ಗಾಡಿ ನಿಮ್ಮ ಅತ್ತಿ ಮಾತು ಕೇಳೇತಿ ನೋಡವಾ, ಮುಂದಕ ಒಲ್ಲೆ ಅಂತೈತಿ. ಬರ್ರಿ, ಶರಬತ್ತರ ಮಾಡಿ ಕುಡಿಯೂಣು" ಎಂದರು.

ನಿಮ್ಮ ಮಗ ನಗಲಿಲ್ಲ. ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದರು. ಕರೂರಿನ ದೊಡ್ಡಬಸವರಾಜಣ್ಣ ತಮ್ಮ ಮಿಷನ್ನುಗಳಿಗೆ ಡೀಸೆಲ್ ತರುವ ಈ ಸುಗ್ಗಿಯ ಪೂರಾ ಕೆಲಸವನ್ನು ಅವರಿಗೇ ಒಪ್ಪಿಸಿದ್ದರು. ಬುಧವಾರ ಗಾಡಿ ಗದ್ದೆಯಲ್ಲಿರದಿದ್ದರೆ ಬೇರೆಯವರನ್ನು ಕರೆಯುತ್ತೇನೆ ಎಂದೂ ಹೇಳಿದ್ದರು. ಸೈಫುದ್ದೀನರು ಗಾಡಿಯ ಕೆಳಗೆ ನುಸುಳಿ ಒಂದೊಂದು ಗಾಲಿಯನ್ನೂ ಕೈಯಿಂದ ತಿರುಗಿಸಿ ನೋಡಿದರು. ಆಮೇಲೆ ಒಳಗಿನಿಂದ ಹಣೆ ಬಡಿದುಕೊಂಡ ಸದ್ದು ಕೇಳಿತು. "ಯಾ ಅಲ್ಲಾ! ಆಕ್ಸಲ್‌ಗೆ ಶೀರ್ಷಾಸನ ಹಾಕ್ಸೀವಲ್ಲೋ ಅಮರೇಶಣ್ಣ! ಎಡಕ್ಕಿರೋ ಹಲ್ಲಿನ ಚಕ್ರ ಬಲಕ್ಕ ಬಂದೈತಿ, ಅದಕ್ಕ ಉಲ್ಟಾ ತಿರುಗತೈತಿ. ನಿನಗ ಬುದ್ಧಿ ಇದ್ದಿಲ್ಲ, ನನಗೇನಾಗಿತ್ತು?" ನಿಮ್ಮ ಮಗ ಕೆಳಗೆ ಬಗ್ಗಿ, "ಲೇ ಸೈಫು, ಐಡಿಯಾ ಭಾರಿ ಐತಿ ಅಂದಾಂವ ಯಾರಲೇ?" ಎಂದರು. "ಭಾರಿ ಐತಿ ಅಂದೆ, ಸರಿ ಐತಿ ಅಂದ್ನೇನು?" ಆಗ ನೋಡಿ, ಗಾಲಿ ಮುರಿದಂದಿನಿಂದ ಮೊದಲ ಸಲ ನಿಮ್ಮ ಮಗ ನಕ್ಕರು. ಬೆಸುಗೆ ಕೊಯ್ದು, ಆಕ್ಸಲ್ಲನ್ನು ಮತ್ತೆ ಮನುಷ್ಯರ ಹಾಗೆ ನಿಲ್ಲಿಸಿ, ರಾಡು ಬದುವಿಗೆ ತಾಗದಂತೆ ಸ್ಪ್ರಿಂಗಿನ ದಪ್ಪ ಪಟ್ಟಿಗಳನ್ನೂ ದೊಡ್ಡ ಟೈರುಗಳನ್ನೂ ಹಾಕಿದರು. ಈಗ ಗಾಡಿ ಎಷ್ಟು ಎತ್ತರವೆಂದರೆ, ಹತ್ತುವಾಗ ನಾನು ಸೀರೆಯ ನೆರಿಗೆಯನ್ನೂ ದೇವರ ಹೆಸರನ್ನೂ ಒಟ್ಟಿಗೇ ಹಿಡಿಯಬೇಕು.

ನಿನ್ನೆ ಕಾಲೇಜಿಗೆ ರಜೆ ಹಾಕಿ ನಾನೂ ಕರೂರಿಗೆ ಹೋದೆ. ಮೋಡ ಕವಿದಿತ್ತು. ಗದ್ದೆಯ ನಟ್ಟನಡುವೆ ಮಿಷನ್ನು ಡೀಸೆಲ್ ತೀರಿ ನಿಂತಿದೆ, ಸುತ್ತ ಕೊಯ್ಯದೇ ಉಳಿದ ಭತ್ತ, ಮಳೆ ಬಿದ್ದರೆ ಎಲ್ಲ ನೆಲಕ್ಕೆ. ದೊಡ್ಡಬಸವರಾಜಣ್ಣ ಬದುವಿನ ಮೇಲೆ ನಿಂತು, "ಹೋಗಾಕ ಆಗತೈತೇನಪಾ? ಇಲ್ಲಾಂದ್ರ ಈಗ್ಲೇ ಹೇಳು, ಟ್ರ್ಯಾಕ್ಟರ್ ಕರಸ್ತೀನಿ" ಎಂದು ಕೂಗಿದರು. ಹಿಂದೆ ತುಂಬಿದ ಡ್ರಮ್ಮುಗಳು. ನಿಮ್ಮ ಮಗ ನನಗೆ "ಇಳಿ" ಎಂದರು. ನಾನು ಇಳಿಯಲಿಲ್ಲ. ಧೈರ್ಯವೇನೂ ಅಲ್ಲ ಅತ್ತೆ, ಅಷ್ಟು ಎತ್ತರದಿಂದ ಇಳಿಯುವುದು ಹೇಗೆ ಎಂದು ತಿಳಿಯಲಿಲ್ಲ. ಗಾಡಿ ಕೆಸರಿಗೆ ಇಳಿಯಿತು, ಬದು ಹತ್ತಿತು, ಒಂದು ಕಡೆ ವಾಲಿತು. ನನಗೆ ಆ ಕಾಲುವೆಯೇ ನೆನಪಾಗಿ ಕಣ್ಣು ಮುಚ್ಚಿಕೊಂಡೆ. ಕಿವಿ ಮಾತ್ರ ಗಾಲಿ ಮುರಿಯುವ "ಟಣ್" ಸದ್ದಿಗೆ ಕಾಯುತ್ತಿತ್ತು. ಬರಲಿಲ್ಲ. ಕಣ್ಣು ಬಿಟ್ಟರೆ ಮಿಷನ್ನಿನ ಡ್ರೈವರು ನನ್ನ ಕಿಟಕಿಯ ಪಕ್ಕದಲ್ಲೇ ನಿಂತು, "ಅಕ್ಕಾರ, ಡೀಸೆಲ್ ಇಳಸೂಣೇನ್ರಿ?" ಎನ್ನುತ್ತಿದ್ದ. ಅಷ್ಟು ಚಂದದ ವಾಕ್ಯವನ್ನು ನಾನು ಕನ್ನಡ ಸಾಹಿತ್ಯದಲ್ಲಿ ಓದಿಲ್ಲ. ಸಂಜೆಯವರೆಗೆ ಹಾಗೇ ಓಡಾಡಿದೆವು. ಮಳೆ ಬರುವ ಮೊದಲೇ ಗದ್ದೆ ಖಾಲಿಯಾಯಿತು. ಎದೆಯ ಮೇಲಿಂದ ಯಾರೋ ಆ ಡ್ರಮ್ಮುಗಳನ್ನೇ ಇಳಿಸಿದ ಹಾಗೆ ಹಗುರಾಗಿದ್ದೇನೆ.

ಇಷ್ಟೇ ಸುದ್ದಿ. ರಶ್ಮಿಗೆ ನನ್ನ ಪ್ರೀತಿ, ಕೂಸಿಗೆ ಎರಡೂ ಕೆನ್ನೆಗೆ ಮುತ್ತು, ಅಳಿಯಂದಿರಿಗೆ ಅಂಟಿನುಂಡೆ ಸಾಕು ಎಂದು ಹೇಳಿ. ಮಾವನವರು ನಿಮ್ಮನ್ನು ಕೇಳಿದ್ದಾರೆ. ಯಾವಾಗ ಬರುತ್ತಾಳೆ ಎಂದು ಕೇಳಿದರು, ಬೇಗ ಬರಲಿ ಎಂದೋ ನಿಧಾನವಾಗಲಿ ಎಂದೋ ಬಿಡಿಸಿ ಹೇಳಲಿಲ್ಲ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ, ನಾಲ್ಕು ಗಾಲಿಗಳ ಮೇಲೂ ಇರಲಿ.

ನಿಮ್ಮ ಬಾಯಿಬಡುಕ ಸೊಸೆ,
ಅಕ್ಷತಾ

ಮರೆತ ಮಾತು: ಗಾದೆಮ್ಮ ಕಾಗದ ಇಸಕೊಳ್ಳಲು ಈಗಲೇ ಬಂದು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಇದನ್ನು ನೀವೊಬ್ಬರೇ ಓದಿ. ನಿಮ್ಮ ಮಗ ಕೊಟ್ಟ ಮಾತನ್ನು ಮರೆತಿಲ್ಲ. ಗಾಡಿಯನ್ನು ಕುರುಗೋಡಿನ ಓಬಳೇಶನಿಗೆ ಮಾರುವುದೆಂದು ಮಾತಾಗಿದೆ; ಸೋಮವಾರ ಬೆಳಿಗ್ಗೆ ಅವನು ಬಂದು ಒಯ್ಯುತ್ತಾನಂತೆ, ಉಳಿದ ಸುಗ್ಗಿಗೆ ಇವರು ಬಾಡಿಗೆ ಗಾಡಿ ಹಿಡಿಯುತ್ತಾರಂತೆ. ನಿನ್ನೆ ಗದ್ದೆಯಿಂದ ಬರುವಾಗ ದಾರಿಯಲ್ಲಿ ಹೇಳಿದರು. ಮಾರುವುದೇ ಆದರೆ ಇಷ್ಟೆಲ್ಲ ಯಾಕೆ ಮಾಡಿಸಿದಿರಿ, ಹಾಗೇ ಕೊಡಬಹುದಿತ್ತಲ್ಲ ಎಂದು ಜಗಳ ತೆಗೆದೆ. "ಹಾಂಗ ಕೊಟ್ರ ನಾಳೆ ಅವನ ಅವ್ವನೂ ಅದ್ರಾಗ ಕುಂದರ್ತಾಳಲ್ಲ" ಎಂದರು. ಆಣೆ ಬಿಡಿಸು ಎಂದು ಅವರು ತಾವಾಗಿ ನಿಮ್ಮನ್ನು ಕೇಳುವವರಲ್ಲ, ಅತ್ತೆ. ಆಣೆ ಹಾಕಿಸಿಕೊಂಡವರೇ ಬಿಡಿಸಬೇಕು. ಭಾನುವಾರದೊಳಗೆ ಒಂದು ಫೋನ್ ಮಾಡಿ. ಗಾಡಿಯ ಕೀಲಿಕೈ ನಿನ್ನೆಯಿಂದ ಮನೆಯಲ್ಲಿ ಯಾರಿಗೂ ಸಿಗುತ್ತಿಲ್ಲ. ನೀವು ಮಾತಾಡಿದ ಮೇಲೆ ಎಲ್ಲಿದೆ ಎಂದು ನನಗೆ ನೆನಪಾಗುತ್ತದೆ.