ಗಾಜಿನ ಮೇಲಿನ ಗಂಧ

ಸೆಪ್ಟೆಂಬರ್ 29, ಸೋಮವಾರ
ಬೆಳಿಗ್ಗೆಯಿಂದ ಲ್ಯಾಬಿನ ನಿರ್ವಾತದ ಪಂಪು ಓಡುತ್ತಿದೆ. ಕರೆಂಟು ಹೋಗಲಿಲ್ಲ — ಕೊಪ್ಪದಲ್ಲಿ ಅದೇ ದೊಡ್ಡ ಪುಣ್ಯ. ಲೇಸರ್ ಹೊಡೆದಾಗ ಕಾರ್ಬನ್ ಬಿಲ್ಲೆಯಿಂದ ಪ್ಲಾಸ್ಮಾ ಎದ್ದಿತು, ಅಯಾನುಗಳೂ ಬಂದವು. ಆದರೆ ಒಂದು ಸಲ ಜಾಸ್ತಿ, ಒಂದು ಸಲ ಕಡಿಮೆ. ಮುಂದಿನ ಸೋಮವಾರ ಕಣಗಳ ವೇಗವರ್ಧಕ ಕೇಂದ್ರದವರು ನೋಡಲು ಬರುತ್ತಾರೆ. ಅವರ ಮಷೀನಿಗೆ ಕೊಡುವಷ್ಟು ಸ್ಥಿರವಾಗಿ ಅಯಾನು ಬಂದರೆ ಲ್ಯಾಬ್ ಉಳಿಯುತ್ತದೆ. ಇಲ್ಲದಿದ್ದರೆ ಉಪಕರಣ ಎಲ್ಲ ಪ್ಯಾಕ್ ಮಾಡಿ ಅವರಿಗೇ ವಾಪಸ್. ಇಷ್ಟು ವರ್ಷ… ಇಡೀ ಕಾಲೇಜಿಗೆ ಇದು 'ಮೇಡಮ್ ಹುಚ್ಚು'.

ಅಕ್ಟೋಬರ್ 1, ಆಯುಧಪೂಜೆ
ಲೇಸರಿನ ಪ್ರತಿ ಶಾಟಿಗೂ ಬಿಲ್ಲೆ ಸ್ವಲ್ಪ ತಿರುಗಿಸಿದೆ. ಅಯಾನು ಎಲ್ಲ ಸಲವೂ ಒಂದೇ ಸಮ! ಕುಣಿಯೋಣ ಅನ್ನಿಸಿತು.
ಅಟೆಂಡರ್ ಸೀತಕ್ಕ ಗಂಧದ ಬಟ್ಟಲು ಹಿಡಿದು ಬಂದರು. "ಕಾಲೇಜ್ ಬಸ್ಸಿಗೆ, ಜೆರಾಕ್ಸ್ ಮಷೀನಿಗೆ ಎಲ್ಲ ಆಯ್ತು. ಇದಕ್ಕೆ ಬ್ಯಾಡ್ವಾ ಮೇಡಮ್?"
ಇಡಿ ಅಂದೆ. ಅಷ್ಟರಲ್ಲಿ ಮೇಗುಂದದಿಂದ ಅಮ್ಮನ ಫೋನು. ಹೊರಗೆ ಹೋದೆ.

ಅಕ್ಟೋಬರ್ 3, ಸಂಜೆ
ಚಿಟ್ ಅಂತ ಒಂದೇ ಶಬ್ದ. ಲೇಸರ್ ಒಳಹೋಗುವ ಗಾಜಿನ ಮೇಲೆ ಗಂಧದ ಬೊಟ್ಟು! ನೋಡದೆ ಬಟನ್ ಒತ್ತಿದೆ. ಬೊಟ್ಟು ಸುಟ್ಟು ಗಾಜು ಸೀಳಿತು. ನಿರ್ವಾತ ಹೋಯಿತು. ಬೇರೆ ಗಾಜು ಬರಲು ತಿಂಗಳು ಬೇಕು.
ಕೂಗಾಡಿದೆ. "ಎಲ್ಲ ಬಿಟ್ಟು ಗಾಜಿಗೇ ಇಡ್ಬೇಕಿತ್ತಾ ಸೀತಕ್ಕ?"
"ಮುಂದ್ಗಡೆ ಅದೊಂದೇ ಇತ್ತು ಮೇಡಮ್. ಅದೇ ಹಣೆ ಅಂದ್ಕಂಡೆ."
ಇನ್ನು ಈ ಬಾಗಿಲು ದಾಟಬೇಡಿ ಅಂದುಬಿಟ್ಟೆ.

ಅಕ್ಟೋಬರ್ 5
ಅನ್ನ ಸೇರುತ್ತಿಲ್ಲ. ಜೊತೆಗೆ ಕೆಲಸ ಮಾಡುವ ಯಜ್ಞೇಶ ಶೃಂಗೇರಿಯ ಸ್ಟುಡಿಯೋದಿಂದ ಹಳೆ ಕ್ಯಾಮೆರಾ ಫಿಲ್ಟರಿನ ಗಾಜು ತಂದ. "ಸರೀ ಕೂರ್ತದೆ. ಹೆದರ್ಬೇಡಿ ಮಾರಾಯ್ರೆ."
ಕೂತಿತು. ನಿರ್ವಾತವೂ ನಿಂತಿದೆ. ಲೇಸರ್ ತಡೆಯುತ್ತದಾ? ಹೊಡೆದು ನೋಡಲು ಧೈರ್ಯವಿಲ್ಲ — ಇದೂ ಒಡೆದರೆ ಮತ್ತೇನೂ ಇಲ್ಲ. ದೇವರೇ, ನಾಳೆ ಒಂದು ದಿನ.

ಅಕ್ಟೋಬರ್ 6
ಮೊದಲ ಶಾಟ್ — ಪರದೆಯ ಮೇಲೆ ಕಾರ್ಬನ್ ಅಯಾನಿನ ಗೆರೆ ನೆಟ್ಟಗೆ ಎದ್ದಿತು. ಎರಡನೆಯದೂ ಹಾಗೇ. ಬಂದವರು ಮುಂದೆ ಬಗ್ಗಿ ನೋಡಿದರು. ಮೂರನೆಯದಕ್ಕೆ, ಚಿಟ್.
"ತಿಳಿಸ್ತೀವಿ" ಅಂದರು. ಟೀ ಕುಡಿಯಲಿಲ್ಲ.
ಬಾಗಿಲಾಚೆಯಿಂದ ಸೀತಕ್ಕ: "ಮೇಡಮ್, ಇವತ್ತು ನಾ ಒಳಗೇ ಬರ್ಲಿಲ್ಲ."
ಗೊತ್ತು…

ಅಕ್ಟೋಬರ್ 27
ಎಲ್ಲ ವಾಪಸ್ ಒಯ್ಯಲು ಲಾರಿ ಬಂದಿದೆ. ಪೆಟ್ಟಿಗೆ ಮುಚ್ಚುವುದೊಂದು ಬಾಕಿ. ಬಿಕ್ಕಿ ಬಿಕ್ಕಿ ಅತ್ತೆ, ಯಜ್ಞೇಶನ ಎದುರಿಗೇ.
ಸೀತಕ್ಕ ಬಟ್ಟಲು ಹಿಡಿದು ಹೊಸ್ತಿಲಾಚೆ ನಿಂತಿದ್ದರು. "ಕಳ್ಸೋ ಮುಂಚೆ ಒಂದು ಬೊಟ್ಟು…"
ಒಳಗೆ ಬನ್ನಿ, ಎಲ್ಲಿ ಬೇಕಾದರೂ ಇಡಿ ಅಂದೆ. ಬಂದರು. ಇಡಲಿಲ್ಲ. ಬಟ್ಟಲನ್ನು ನನ್ನ ಕೈಗೆ ಕೊಟ್ಟರು.
"ನೀವೇ ಇಡಿ. ಅದ್ರ ಹಣೆ ಯಾವ್ದು ಅಂತ ನಿಮಗೆ ಗೊತ್ತಲ್ಲ."
ಬೆರಳು ಅದ್ದಿದೆ. ಗಾಜಿದ್ದ ಜಾಗ ಬರೀ ತೂತು. ಎಲ್ಲಿ ಅಂತ ಇಡಲಿ…